ತಾಮ್ರದ ಚೊಂಬಿನ ನೀರು

ಬಸವನಹುಳು ಎಲೆಕೋಸು ತಿನ್ನುವ ಸದ್ದನ್ನು ನೀವು ಕೇಳಿರಲಿಕ್ಕಿಲ್ಲ. ಬಾಣಸವಾಡಿಯ ನಮ್ಮ ಮನೆಯಲ್ಲಿ, ಬೆಳಗಿನ ರೈಲು ಹೋದ ಮೇಲೆ, ಅವನ್ನಿಟ್ಟ ಡಬ್ಬಿಗೆ ಕಿವಿಯಿಟ್ಟರೆ ಕೇಳಿಸುತ್ತಿತ್ತು, ದೂರದಲ್ಲಿ ಯಾರೋ ಕಾಯಿ ತುರಿಯುತ್ತಿರುವ ಹಾಗೆ. ಅವುಗಳ ಕೊಂಬು ಗಾಳಿಯನ್ನು ತಡವುತ್ತ ಮೆಲ್ಲಗೆ ಚಾಚುವುದನ್ನು ನೋಡುತ್ತಿದ್ದರೆ ರಸ್ತೆಯ ಹಾರ್ನ್ ಸದ್ದೆಲ್ಲ ಬೇರೆ ಯಾವುದೋ ಊರಿನದು ಅನ್ನಿಸುತ್ತಿತ್ತು. ಅಜ್ಜಿ ರೇಗಿಸುತ್ತಿದ್ದಳು, "ಅವಾದ್ರೂ ತಿಂದು ಮುಗಿಸ್ತವೆ, ನೀನಿನ್ನೂ ಹಲ್ಲುಜ್ಜಿಲ್ಲ."

ಕಂಟೋನ್ಮೆಂಟ್ ಕಡೆಯ ಕಾಲೇಜೊಂದರಲ್ಲಿ ನನ್ನ ಸಂಶೋಧನೆ. ತಾಮ್ರದ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ನುಣ್ಣಗಿನ ತಾಮ್ರದ ಪುಡಿ, ಬಸವನಹುಳುಗಳಿಗೆ ಏನು ಮಾಡುತ್ತವೆ ಎಂಬುದು ವಿಷಯ. ಹಿತ್ತಲಲ್ಲಿ ಆರಿಸಿದ ಹುಳುಗಳನ್ನು ಎರಡು ಪಾಲು ಮಾಡಿದ್ದೆ. ಒಂದಕ್ಕೆ ಪುಡಿ ಸವರಿದ ಎಲೆ, ಇನ್ನೊಂದಕ್ಕೆ ಬರೀ ಎಲೆ. ಬರೀ ಎಲೆಯವು ಚೆನ್ನಾಗಿ ಉಳಿದರೆ ಮಾತ್ರ ಹೋಲಿಸಲು ಸಾಧ್ಯ, ಇಲ್ಲದಿದ್ದರೆ ಅಷ್ಟೂ ಕೆಲಸ ನೀರಲ್ಲಿ ಹೋಮ. ಲ್ಯಾಬಿಗೆ ಬಣ್ಣ ಬಳಿಯುವಾಗ ಬರೀ ಎಲೆಯವುಗಳ ಡಬ್ಬಿಯನ್ನು ಮನೆಗೆ ತಂದೆ. ಪುಡಿ ತಿನ್ನುವವು ನಮ್ಮ ಗೈಡ್ ಕೋಣೆಯಲ್ಲಿ ಉಳಿದವು.

ನಾನು ಕಾಲೇಜಿಗೆ ಹೋದ ಮೇಲೆ ಅಜ್ಜಿಯದೇ ಆರೈಕೆ. ಬಸವನ ಹೆಸರಿಟ್ಟುಕೊಂಡು ಮನೆಗೆ ಬಂದವು ಎಂದು ಅವಳಿಗೆ ಅಕ್ಕರೆ.

ಒಂದು ಸಂಜೆ ಬಂದು ನೋಡಿದರೆ ಎಲೆ ಹಾಗೇ ಇತ್ತು. ಹುಳುಗಳು ಚಿಪ್ಪಿನೊಳಗೆ ಸೇರಿಕೊಂಡು ನೊರೆನೊರೆಯಾದ ಲೋಳೆ ಬಿಟ್ಟಿದ್ದವು. ಕಾಲೇಜಿನ ಡಬ್ಬಿಯಲ್ಲಿ ನಾನು ದಿನಾ ಒರೆಸುತ್ತಿದ್ದ ಲೋಳೆಯೇ ಅದು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. "ಏನ್ ಹಾಕ್ದೆ ಅಜ್ಜಿ ಇದಕ್ಕೆ?" ಎಂದು ಕೂಗಿಬಿಟ್ಟೆ.

"ಏನೂ ಇಲ್ಲಮ್ಮ. ನಲ್ಲಿ ನೀರು ವಾಸನೆ ಅಂತ, ರಾತ್ರಿ ತಾಮ್ರದ ಚೊಂಬಲ್ಲಿ ಇಟ್ಟಿದ್ದ ನೀರು ಚಿಮುಕಿಸ್ತಿದ್ದೆ. ಒಳ್ಳೇದಲ್ವಾ?"

ಹುಣಸೆಹಣ್ಣು ಹಚ್ಚಿ ತಿಕ್ಕಿದ ಚೊಂಬು ಅಡುಗೆಮನೆ ಕಿಟಕಿಯಲ್ಲಿ ಹೊಳೆಯುತ್ತಿತ್ತು. ನಾವೆಲ್ಲ ಆ ನೀರು ಕುಡಿದೇ ಬೆಳೆದವರು. ನೀರಿಗಿಳಿದ ಆ ಚೂರು ತಾಮ್ರ ನಮಗೆ ಒಗ್ಗಿದರೂ ಹುಳುಗಳ ಮೆತ್ತನೆಯ ಮೈಗೆ ಒಗ್ಗಲಿಲ್ಲ. ನನ್ನ ಕೋಪ ಇಳಿದು ಅಳು ಬಂತು. ಅಜ್ಜಿಯ ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದೆ. ಇಬ್ಬರೂ ಸೇರಿ ಒಂದೊಂದೇ ಚಿಪ್ಪನ್ನು ಫಿಲ್ಟರ್ ನೀರಿನಲ್ಲಿ ತೊಳೆದೆವು. ಒಂದೂ ಹೊರಗೆ ಬರಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಕಣಮ್ಮ," ಎಂದಳು ಅಜ್ಜಿ. ಆಮೇಲೆ, ನನ್ನನ್ನು ಚುಚ್ಚುವುದಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು: "ಕಾಲೇಜಲ್ಲಿ ಇರೋವಕ್ಕೆ ಇದನ್ನೇ ನೀನು ಗೊತ್ತಿದ್ದೂ ಹಾಕ್ತೀಯಾ?"

ಹೂಂ ಅಂದೆ. ಅಷ್ಟನ್ನು ಹೇಳುವುದು ನನಗೆ ಎಂದೂ ಇಷ್ಟು ಕಷ್ಟವಾಗಿರಲಿಲ್ಲ.