ಕಟ್ಟೆ ನೀರಿನ ಮುದ್ದೆ

ಮುದ್ದೆ ತಿರುವುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮೂರಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು ಎನ್ನುವವರಿದ್ದಾರೆ. ಅನ್ನಲಿ ಬಿಡಿ. ನನ್ನ ಕೈಯ ಮುದ್ದೆಯಲ್ಲಿ ಗಂಟಿಲ್ಲ, ಬಿರುಕಿಲ್ಲ, ಗಂಗಳಕ್ಕೆ ಇಟ್ಟರೆ ಇಟ್ಟ ಹಾಗೆಯೇ ಕೂತಿರುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ತಿರುವಿದ ಮುದ್ದೆಗಳಲ್ಲೆಲ್ಲ ನನಗೆ ಹೆಚ್ಚು ಹೆಮ್ಮೆ ಇರುವುದು ಬಾಯಿಗಿಟ್ಟರೆ ಉಗುಳಬೇಕು ಅನ್ನಿಸುವಷ್ಟು ನಾರುತ್ತಿದ್ದ ಒಂದು ಮುದ್ದೆಯ ಬಗ್ಗೆ. ಅದನ್ನು ಉಂಡವರು ನನ್ನ ಮಾವ.

ನನ್ನ ತವರು ಗುಂಡ್ಲುಪೇಟೆ ಕಡೆಯ ಭೀಮನಬೀಡು. ಕೊಟ್ಟಿದ್ದು ಚಾಮರಾಜನಗರದ ಆಚೆ, ಚಂದಕವಾಡಿಯ ಹತ್ತಿರದ ಒಂದು ಊರಿಗೆ. ನಯಾಪೈಸೆ ಇನ್ನೂ ಬಂದಿರಲಿಲ್ಲ, ಆಣೆಯ ಲೆಕ್ಕದ ಕಾಲ ಅದು. ನನ್ನ ಗಂಡ ಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಊರಿಗೆ ಬರುತ್ತಿದ್ದುದು ಹಬ್ಬಕ್ಕೆ ಮಾತ್ರ. ನಾನು ಮಿಡ್ಲಿಸ್ಕೂಲು ಮುಗಿಸಿದವಳು ಎಂಬುದು ಆ ಮನೆಗೆ ಒಂದು ದೊಡ್ಡ ಸಂಗತಿಯಾಗಿತ್ತು. ಅತ್ತೆ ಬಂದವರ ಮುಂದೆಲ್ಲ 'ನಮ್ ಸೊಸೆ ಓದ್ಕಂಡವ್ಳೆ' ಅನ್ನುತ್ತಿದ್ದರು. ಅವರು ಹೋದ ಮೇಲೆ 'ಓದ್ಕಂಡಿರೋ ಕೈಗೆ ಬೆರಣಿ ತಟ್ಟಕ್ ಬಂದದಾ ನೋಡನ ಬಾ' ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಿದ್ದರು. ಹೊಗಳಿಕೆ ಕೆಲಸ ಎರಡೂ ಒಟ್ಟಿಗೇ ಸಿಗುತ್ತಿದ್ದವು.

ಮಾವ ಶಿವಭಕ್ತರು. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಒಂದು ತೊಟ್ಟು ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಪೂಜೆಯಾದ ಮೇಲೆ ಗಂಗಳಕ್ಕೆ ಬಿದ್ದದ್ದು ಅವರ ಪಾಲಿಗೆ ಪ್ರಸಾದ. ಅದರಲ್ಲಿ ಒಂದು ಅಗುಳನ್ನೂ ಬಿಡುವ ಹಾಗಿಲ್ಲ. ಉಂಡಾದ ಮೇಲೆ ಗಂಗಳಕ್ಕೆ ಚೊಂಬಿನ ನೀರು ಹಾಕಿ, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ನನ್ನ ತವರಿನಲ್ಲೂ ಹಿರಿಯರು ಹೀಗೆಯೇ ಮಾಡುತ್ತಿದ್ದರು. ಆದರೆ ನನ್ನ ಮಾವನಷ್ಟು ಕಟ್ಟುನಿಟ್ಟಿನವರನ್ನು ನಾನು ಬೇರೆಲ್ಲೂ ನೋಡಲಿಲ್ಲ. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಬಿದ್ದಾಗಲೂ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ಉಂಡು ಎದ್ದಿದ್ದರು. ಮುಂಗೋಪಿ, ಹಟಮಾರಿ, ಆದರೆ ಹಿಡಿದ ನೇಮ ಬಿಡದ ಮನುಷ್ಯ.

ನಮ್ಮದು ಮೇಲಿನ ಬೀದಿ. ಅಲ್ಲಿ ಸಿಹಿನೀರಿನ ಸೇದುವ ಬಾವಿ ಇತ್ತು. ಊರಿನ ಇಳಿಜಾರಿಗೆ ಕೆಳಗೇರಿ. ನಮ್ಮ ಹೊಲಗಳಲ್ಲಿ ಕಳೆ ಕಿತ್ತು, ಕುಯ್ದು, ಬಡಿದು ನಮ್ಮ ಮನೆಗಳಿಗೆ ಕಾಳು ತುಂಬುತ್ತಿದ್ದವರು ಆ ಕೇರಿಯವರೇ. ಆದರೂ ಮೇಲಿನ ಬಾವಿಯ ಹಗ್ಗವನ್ನು ಅವರು ಮುಟ್ಟುವಂತಿರಲಿಲ್ಲ. ಅಂಥ ನಾಚಿಕೆಗೇಡಿನ ಕಟ್ಟಳೆಯನ್ನು ಊರಿಗೆ ಊರೇ ಧರ್ಮ ಅಂದುಕೊಂಡಿತ್ತು. ಕೇರಿಯವರಿಗೆ ಇದ್ದದ್ದು ಒಂದು ಕಟ್ಟೆ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿದ ಮಳೆ ನೀರು. ಕುಡಿಯುವುದಕ್ಕೂ ಅದೇ, ಅಡುಗೆಗೂ ಅದೇ.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಚಾಮರಾಜನಗರದಿಂದ ಹಗ್ಗದ ವ್ಯಾಪಾರದ ಸಾಬರೊಬ್ಬರು ಬಂದರು. ನಮ್ಮ ಹೊಲದ ಬೇಲಿಯ ಉದ್ದಕ್ಕೂ ಆಳೆತ್ತರ ಬೆಳೆದಿದ್ದ ಕತ್ತಾಳೆಯನ್ನು ನೋಡಿ, ನಾರು ಬಿಡಿಸಿ ಕೊಟ್ಟರೆ ತಾವೇ ಕೊಳ್ಳುವುದಾಗಿ ಹೇಳಿದರು. ಮಾವನಿಗೆ ಹುರುಪು ಬಂತು. ಕತ್ತಾಳೆ ಪಟ್ಟೆಗಳನ್ನು ಕುಯ್ಯಿಸಿ, ಕಂತೆ ಕಟ್ಟಿಸಿದರು. ಕತ್ತಾಳೆ ಕೊಳೆಯದೆ ನಾರು ಬಿಡುವುದಿಲ್ಲ, ವಾರಗಟ್ಟಲೆ ನೀರಲ್ಲಿ ಮುಳುಗಿರಬೇಕು. ನಮ್ಮ ಹೊಲದ ಬಾವಿಯ ಪಕ್ಕ ಗುಂಡಿ ತೋಡಿ ನೆನೆಹಾಕಬಹುದಿತ್ತು. ಹಾಗೆ ಮಾಡಿದರೆ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಬೇಕು, ಆಳು ಬೇಕು. ಕಟ್ಟೆಯಲ್ಲಾದರೆ ನೀರು ನಿಂತೇ ಇದೆ. ಮಾವ ಕಂತೆಗಳನ್ನು ಗಾಡಿಯಲ್ಲಿ ಹೇರಿಸಿ ಕಟ್ಟೆಗೆ ಇಳಿಸಿ, ಮೇಲೆ ಕಲ್ಲು ಹೇರಿಸಿಬಿಟ್ಟರು. ಮೇಲಿನ ಬೀದಿಯಲ್ಲಿ ಯಾರೂ ಏಕೆ ಎಂದು ಕೇಳಲಿಲ್ಲ. ಕೆಳಗೇರಿಯಲ್ಲಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ವಾಸನೆ ಶುರುವಾಯಿತು. ಗಾಳಿ ಈ ಕಡೆ ತಿರುಗಿದಾಗ ನಮ್ಮ ಅಡುಗೆಮನೆಯ ತನಕ ಬರುತ್ತಿತ್ತು. ಕಟ್ಟೆಯ ಮೀನು ಹೊಟ್ಟೆ ಮೇಲಾಗಿ ತೇಲಿದವು ಎಂದು ದನ ಕಾಯುವವರು ಹೇಳಿದರು. ಮನೆಯಲ್ಲಿ ಕಿಟಕಿ ಮುಚ್ಚಿಕೊಂಡೆವು, ಅಷ್ಟೆ.

ನಮ್ಮ ಕಣದಲ್ಲಿ ಹುರುಳಿ ಬಡಿಯಲು ಕೆಳಗೇರಿಯ ಒಬ್ಬ ಹೆಂಗಸು ಬರುತ್ತಿದ್ದಳು. ನಮ್ಮ ಅತ್ತೆಯ ವಯಸ್ಸು, ಒಳ್ಳೆಯ ಮಾತುಗಾತಿ. ನಾನು ಭೀಮನಬೀಡಿನವಳು ಎಂದು ತಿಳಿದಾಗಿನಿಂದ 'ಕಾಡಿನ ಕಡೆಯವ್ವ, ನಿಮ್ಮೂರಲ್ಲಿ ಆನೆ ಕಣ ಕಾಯ್ತವಂತಲ್ಲ' ಎಂದು ರೇಗಿಸುತ್ತಿದ್ದಳು. ಅಂಥವಳು ಆ ದಿನ ಮಾತೇ ಆಡಲಿಲ್ಲ. ಮಧ್ಯಾಹ್ನ ನಾನು ನೀರು ಕೊಡಲು ಹೋದಾಗ ಬೊಗಸೆ ಒಡ್ಡಿ ಕುಡಿದಳು, ಮತ್ತೆ ಒಡ್ಡಿದಳು, ಮತ್ತೆ ಒಡ್ಡಿದಳು. ಬಿಂದಿಗೆ ಬರಿದಾಗುವ ಹಾಗೆ ಕುಡಿದಳು. ಆಗಿನ ಪದ್ಧತಿಯ ಹಾಗೆ ನಾನು ಮೇಲಿನಿಂದಲೇ ಸುರಿಯುತ್ತಿದ್ದೆ.

"ಮನೇಲಿ ನೀರಿಲ್ವಾ?" ಎಂದೆ.

"ಇರೋ ನೀರ ಕುಡ್ಯಕಾಯ್ತದಾ ಅವ್ವ? ಮಗ್ಳು ಬಾಣಂತಿ ಅವ್ಳೆ. ಆ ನೀರ ಕುಡುದ್ರೆ ಹೊಟ್ಟೆ ತೊಳಸ್ತದೆ, ಮಯ್ಯೆಲ್ಲ ನವೆ. ಅವ್ಳಿಗೆ ಎದೆಹಾಲೇ ಇಲ್ದಂಗಾಗದೆ. ಹಳ್ದಲ್ಲಿ ಒರತೆ ತೋಡಿ ಒಂದೊಂದೇ ಚಿಪ್ಪು ತುಂಬ್ಕಂಡು ಬತ್ತೀನಿ. ಕೂಸು ಬದುಕ್ತದೋ ಇಲ್ವೋ ಕಾಣೆ ಕಣವ್ವ."

ನನ್ನ ಮೈ ಉರಿದುಹೋಯಿತು. "ಮಾವನಿಗೆ ಯೋಳು" ಎಂದೆ. "ನಾನೂ ಬಾಗ್ಲಲ್ಲಿ ನಿಂತಿರ್ತೀನಿ."

ಸಂಜೆ ಅವಳು ಬಂದು ನಮ್ಮ ಅಂಗಳದ ಹೊರಗೆ ನಿಂತು ಹೇಳಿದಳು. ಮಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸಿಟ್ಟೇನೂ ಮಾಡಲಿಲ್ಲ. ನಕ್ಕರು. ಆ ನಗು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ವಾಸ್ನೆ ಅಷ್ಟೆ ಕಣಮ್ಮಿ. ನೀರಿಗೇನಾಗದೆ? ಸೋಸ್ಕಂಡು ಕಾಸ್ಬುಟ್ಟು ಕುಡೀರಿ. ಮಳೆ ಉಯ್ದ್ರೆ ಎಲ್ಲ ಸರಿಯಾಯ್ತದೆ, ಓಗು."

ಮಳೆ ಬರಲು ಇನ್ನೂ ಎಷ್ಟು ತಿಂಗಳಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಅವಳು 'ಆಯ್ತು ಬುದ್ಧಿ' ಎಂದು ಕೈ ಮುಗಿದು ಹೊರಟುಹೋದಳು. ಹೋಗುವಾಗ ಒಮ್ಮೆ ಬಾಗಿಲ ಕಡೆ ನೋಡಿದಳು. ಆ ನೋಟ ನನಗೆ ಅನ್ನ ಇಳಿಯದ ಹಾಗೆ ಮಾಡಿತು.

ಮಾರನೆಯ ಬೆಳಿಗ್ಗೆ ನಾನು ತಾಮ್ರದ ಬಿಂದಿಗೆ ಹಿಡಿದು ಮೇಲಿನ ಬಾವಿಯನ್ನು ದಾಟಿ ಕೆಳಕ್ಕೆ ಇಳಿದೆ. ಹೊಸ ಸೊಸೆ ಹಗಲು ಹೊತ್ತಿನಲ್ಲಿ ಕೆಳಗೇರಿಯ ಕಟ್ಟೆಗೆ ನೀರಿಗೆ ಹೋಗುವುದೆಂದರೆ! ಜಗಲಿಗಳ ಮೇಲೆ ಕೂತಿದ್ದವರ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಡೆದೆ. ಕಟ್ಟೆಯ ನೀರು ಹಳದಿ ತಿರುಗಿ, ಮೇಲೆ ನೊರೆ ಕಟ್ಟಿತ್ತು. ಸೆರಗಿನಲ್ಲಿ ಸೋಸಿ ತುಂಬಿಕೊಂಡೆ. ಕೈ ಆಗಲೇ ತುರಿಸತೊಡಗಿತು.

ಮನೆಗೆ ತಂದು ಮಾವ ಹೇಳಿದ ಹಾಗೆಯೇ ಚೆನ್ನಾಗಿ ಕಾಯಿಸಿದೆ. ಅದರಲ್ಲೇ ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿದೆ. ಅದರಲ್ಲೇ ಮುದ್ದೆಗೆ ಎಸರಿಟ್ಟೆ. ರಾಗಿ ಹಿಟ್ಟು ಹಾಕುವ ಹೊತ್ತಿಗೆ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ಬಂದರು.

"ಯಾವ ನೀರಮ್ಮಿ ಇದು?"

"ಕಟ್ಟೆ ನೀರು ಕಣತ್ತೆ. ವಾಸ್ನೆ ಅಷ್ಟೆ ಅಂತ ಮಾವ್ನೋರೇ ಅಂದವ್ರೆ."

ಅತ್ತೆ ಗೋಡೆಗೆ ಒರಗಿ ನಿಂತರು. ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ಅಟ್ಟಿದರೆ ಅಟ್ಟಲಿ, ಭೀಮನಬೀಡಿಗೆ ದಾರಿ ನನಗೆ ಗೊತ್ತಿದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಪ್ರಸಾದ ಕಣಮ್ಮಿ ಅದು" ಎಂದರು ಮೆಲ್ಲಗೆ.

"ಕೆಳಗೇರಿಯೋರೂ ಮಾದಪ್ಪನಿಗೆ ಕೈ ಮುಗ್ದೇ ಉಣ್ಣೋದು ಅತ್ತೆ. ಆ ಬಾಣಂತಿ ಉಣ್ಣೋದೂ ಇದೇ ನೀರಲ್ಲಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಹತ್ತಿರ ಬಂದು ಮಡಕೆಯನ್ನು ಒಲೆಯಿಂದ ಇಳಿಸಿ, ಅಲುಗದ ಹಾಗೆ ಬಟ್ಟೆಯಿಂದ ಒತ್ತಿ ಹಿಡಿದುಕೊಂಡರು. "ಸರಿ, ತಿರುವು. ಗಂಟಾಗ್ಕೂಡ್ದು. ಅಡುಗೆ ಕೆಟ್ಟದೆ ಅಂತ ಒಂದು ನೆಪ ಸಿಕ್ಬಾರ್ದು ಅವ್ರಿಗೆ" ಎಂದರು. ಆ ಗಳಿಗೆಯಿಂದ ಅವರು ನನಗೆ ಅತ್ತೆಯಾಗಿ ಉಳಿಯಲಿಲ್ಲ, ಹೆತ್ತ ತಾಯಿಯೇ ಆದರು. ನನ್ನ ಜೀವಮಾನದ ಚೆಂದದ ಮುದ್ದೆಯನ್ನು ಅಂದು ತಿರುವಿದೆ.

ಮಾವ ಪೂಜೆ ಮುಗಿಸಿ ಬಂದು ಕೂತರು. ಪೂಜೆಗೆ ಮೇಲಿನ ಬಾವಿಯ ನೀರೇ ಇಟ್ಟಿದ್ದೆವು. ಊಟದ ಚೊಂಬಿನಲ್ಲಿ ಮಾತ್ರ ಕಾಯಿಸಿ ಆರಿಸಿದ ಕಟ್ಟೆ ನೀರಿತ್ತು. ಬೈಗುಳ ಸೊಸೆಯ ಮೇಲೆ ಬೀಳಬಾರದೆಂದು ಅತ್ತೆ ತಾವೇ ಬಡಿಸಿದರು. ಮಾವ ಗಂಗಳಕ್ಕೆ ಕೈ ಮುಗಿದು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಎರಡನೆಯ ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು.

"ಯಾವ್ ನೀರು?"

"ಕಟ್ಟೆದು" ಎಂದರು ಅತ್ತೆ.

"ತಂದೋರ್ಯಾರು?"

ಸೊಸೆ ಮಾವನ ಎದುರು ಮಾತಾಡುವ ಕಾಲವಲ್ಲ ಅದು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೇಳಿದೆ. "ನಾನು ತಂದೆ ಮಾವ. ಸೋಸಿವ್ನಿ, ಕಾಸಿವ್ನಿ. ನೀವು ಯೋಳ್ದಂಗೇ ಮಾಡಿವ್ನಿ."

ಮಾವನ ಕುತ್ತಿಗೆಯ ನರ ಉಬ್ಬಿತು. ಗಂಗಳ ನೂಕಿ ಎದ್ದುಬಿಡಬಹುದಿತ್ತು. ಬೇರೆ ಯಾರೇ ಆಗಿದ್ದರೂ ಏಳುತ್ತಿದ್ದರು, ಗಂಗಳ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಅವರು ಮುಂದಿದ್ದ ಮುದ್ದೆಯನ್ನು ನೋಡಿದರು. ಎದೆಯ ಮೇಲಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ಆ ತುತ್ತನ್ನು ನುಂಗಿದರು. ಮತ್ತೊಂದು ಮುರಿದರು. ಉಬ್ಬಳಿಕೆ ಬಂದಾಗ ಕಣ್ಣು ಮುಚ್ಚಿ ತಡೆದುಕೊಂಡು ಮತ್ತೆ ಉಂಡರು. ಇಷ್ಟು ಸಾಕು ಮಾವ ಎನ್ನಬೇಕೆಂದು ನಾಲಿಗೆಯ ತನಕ ಬಂತು, ಬಾಣಂತಿಯನ್ನು ನೆನೆದು ಸುಮ್ಮನಿದ್ದೆ. ಮುದ್ದೆ ಮುಗಿಯಿತು. ಸಾರು ಬಳಿದರು. ಚೊಂಬೆತ್ತಿ ಗಂಗಳಕ್ಕೆ ನೀರು ಬಗ್ಗಿಸಿದರು. ಹಳದಿ ನೀರು. ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು. ಬೆರಳಿನಿಂದ ಗಂಗಳವನ್ನು ಸುತ್ತ ಬಳಿದು, ಎರಡು ಕೈಯಲ್ಲೂ ಎತ್ತಿ, ಅಷ್ಟನ್ನೂ ಕುಡಿದರು.

ಆಮೇಲೆ ಅತ್ತೆಯೂ ನಾನೂ ಅದೇ ಮುದ್ದೆ ಉಂಡು ಅದೇ ನೀರು ಕುಡಿದೆವು. ನಾವು ಉಣ್ಣದೆ ಅವರಿಗೆ ಬಡಿಸಿದ್ದರೆ ಅದು ಕುಚೋದ್ಯವಾಗುತ್ತಿತ್ತು.

ನಾವು ಇನ್ನೂ ಉಣ್ಣುತ್ತಿರುವಾಗಲೇ ಅಂಗಳದಿಂದ ಕೂಗು ಕೇಳಿತು. "ಗಾಡಿ ಕಟ್ರಲಾ! ಕತ್ತಾಳೆ ಎತ್ತಬೇಕು!" ಆಳುಗಳಿಗೆ ಹೇಳಿ ಸುಮ್ಮನೆ ಏರಿಯ ಮೇಲೆ ನಿಲ್ಲಲಿಲ್ಲ ನನ್ನ ಮಾವ. ಪಂಚೆ ಎತ್ತಿಕಟ್ಟಿ ಸೊಂಟದ ಮಟ್ಟ ನೀರಿಗೆ ಇಳಿದು, ಕಲ್ಲು ತೆಗೆದು, ಕೊಳೆತ ಕಂತೆಗಳನ್ನು ತಾವೇ ಎಳೆದು ಹಾಕಿದರು. ಸಂಜೆ ಬಂದಾಗ ತೋಳು ತೊಡೆಯೆಲ್ಲ ಕೆಂಪಗೆ ದದ್ದು ಎದ್ದಿತ್ತು. ಅತ್ತೆ ಹರಳೆಣ್ಣೆ ಹಚ್ಚುವಾಗ ಮಾವ ಅಂದರು, "ಇದ್ರಲ್ಲಿ ಆ ಕೂಸ್ಗಳ ಮೀಸ್ತಿದ್ರು ಕಣಮ್ಮಿ."

ಕಂತೆ ಎತ್ತಿದ ಮಾತ್ರಕ್ಕೆ ನೀರು ಸರಿಯಾಗುವುದಿಲ್ಲ. ಮಾವ ತೂಬು ತೆಗೆಸಿ ಕೊಳೆತ ನೀರನ್ನೆಲ್ಲ ಬೀಳು ನೆಲಕ್ಕೆ ಬಿಡಿಸಿ, ತಳದ ಹೂಳನ್ನೂ ತೆಗೆಸಿದರು. ಮಳೆ ಬರುವ ತನಕ ಕೇರಿಗೆ ನೀರು? ದಿನಾ ಬೆಳಿಗ್ಗೆ ನಮ್ಮ ಹೊಲದ ಬಾವಿಗೆ ಎತ್ತು ಕಟ್ಟಿಸಿ ಕಪಿಲೆ ಹೊಡೆಸಿದರು. ನೀರು ಬೀಳುವ ತೊಟ್ಟಿಯಿಂದ ಕೆಳಗೇರಿಯ ಹೆಂಗಸರು ತಾವೇ ಕೈಯದ್ದಿ ಬಿಂದಿಗೆ ತುಂಬಿಕೊಳ್ಳಲಿ ಎಂದರು. ಮೇಲಿನ ಬೀದಿಯ ಯಜಮಾನರು ನಾಲ್ಕಾರು ಜನ ಸೇರಿ ಜಗಲಿಗೆ ಬಂದರು, ಬಾವಿ ಮೈಲಿಗೆಯಾಯಿತು ಅಂದರು.

"ಆ ಕೇರಿ ನೀರ್ನಲ್ಲಿ ಉಂಡು, ಗಂಗಳ ತೊಳ್ದು ಕುಡ್ದಿವ್ನಿ ಕಣ್ರಲಾ" ಎಂದರು ಮಾವ. "ನನ್ನ ಹೊಟ್ಟೇಲಿ ಅದೆ ಅದು. ನನ್ನ ಮೊದ್ಲು ಆಚೆ ಆಕಿ, ಆಮೇಲೆ ಬಾವಿ ಮಾತು ಆಡನ."

ಅವರನ್ನು ಹೊರಗೆ ಹಾಕುವ ಗಂಡು ಆ ಊರಲ್ಲಿ ಇರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ಎದೆ ತುಂಬಿ ಬಂತು. ಇಂಥವರ ಮನೆಯ ಸೊಸೆ ನಾನು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

ಕತ್ತಾಳೆಯನ್ನು ಹೊಲದ ಬಾವಿಯ ಕೆಳಮಗ್ಗುಲಲ್ಲಿ, ನೀರು ಬಾವಿಗೆ ಜಿನುಗದಷ್ಟು ದೂರದಲ್ಲಿ ಗುಂಡಿ ತೋಡಿ ನೆನೆಹಾಕಿದರು. ಸಾಬರು ಬಂದಾಗ ನಾರು ಸ್ವಲ್ಪ ಮಂಕಾಗಿತ್ತು. ಕಾರಣ ಕೇಳಿ ತಿಳಿದುಕೊಂಡು, "ಬಾವಿಗೆ ಹಾಕೋ ಹಗ್ಗಕ್ಕೆ ಬಣ್ಣ ಯಾಕ್ ಗೌಡ್ರೆ, ಗಟ್ಟಿ ಇದ್ರೆ ಆಯ್ತು" ಎಂದು ಕೊಂಡುಹೋದರು. ಬಾಣಂತಿ ಚೇತರಿಸಿಕೊಂಡಳು. ಕೂಸು ಉಳಿಯಿತು, ಗುಂಡುಗುಂಡಾಯಿತು.

ಆ ವರ್ಷ ಮುಂಗಾರು ಚೆನ್ನಾಗಿ ಹುಯ್ದಿತು. ಹೂಳು ತೆಗೆದ ಕಟ್ಟೆ ತುಂಬಿತು. ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಆ ಹೆಂಗಸು ಮಣ್ಣಿನ ಬಿಂದಿಗೆ ತುಂಬ ನೀರು ಹೊತ್ತುಕೊಂಡು ಬಂದು ಅಂಗಳದ ಹೊರಗೆ ಇಳಿಸಿ, "ಕಟ್ಟೆ ನೀರು ಕಣವ್ವ. ಚೆಂದಾಗದೆ ಅಂತ ತೋರ್ಸಕೆ ತಂದೆ" ಎಂದಳು. ಬಿಂದಿಗೆ ಅವಳದು, ಸೇದಿದ ಕೈ ಅವಳದು. ಏನು ಮಾಡಬೇಕೆಂದು ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಇಳಿದು ಹೋಗಿ ಬಿಂದಿಗೆಯನ್ನು ತಾವೇ ಸೊಂಟಕ್ಕೆ ಎತ್ತಿಕೊಂಡು ಒಳಗೆ ತಂದರು. "ಎಸರಿಡು" ಎಂದರು.

ಮಾವ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದ್ದರು. ಊಟಕ್ಕೆ ಕೂತಾಗ ಯಾವ ನೀರು ಎಂದು ಕೇಳಲಿಲ್ಲ. ಮುದ್ದೆ ಉಂಡರು. ಗಂಗಳಕ್ಕೆ ಅದೇ ನೀರು ಹಾಕಿ ತೊಳೆದು ಕುಡಿದರು. ಆಮೇಲೆ ಎಂದೂ ಮಾಡದ ಒಂದು ಕೆಲಸ ಮಾಡಿದರು. ಖಾಲಿ ಗಂಗಳವನ್ನು ನನ್ನ ಕಡೆಗೆ ಚಾಚಿ, ಬಿಂದಿಗೆಗೆ ಕಾದು ಹೊರಗೆ ನಿಂತಿದ್ದವಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದರು.

"ಸಿಹಿಯಾಗದೆ ಕಣಮ್ಮಿ. ಇನ್ನೊಂಚೂರು ಉಯ್ಯಿ."