ಅಪ್ಪ ಅವ್ವ ಫೋನಿನಲ್ಲಿ ಮಾತಾಡಿದ ಭಾನುವಾರ

ನನ್ನ ಅಪ್ಪನಿಗೂ ಅವ್ವನಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮಾತೂ ಬರುವುದಿಲ್ಲ. ಬಾಯಿಮಾತು ಬರುವುದಿಲ್ಲ ಅಷ್ಟೆ. ಕೈಮಾತಿನಲ್ಲಿ ನಮ್ಮ ಅವ್ವನಂಥ ಮಾತುಗಾರ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಲಬುರಗಿಯಿಂದ ಬಂದು ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ರೂಮು ಹಿಡಿದಾಗ ನನಗೆ ಆರು ವರ್ಷ. ಅಪ್ಪ ಮಾರ್ಕೆಟ್ ರಸ್ತೆಯ ಸೀರೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತ. ಅವ್ವ ಪಕ್ಕದಲ್ಲೇ ಕೂತು ಸೀರೆಗಳಿಗೆ ಫಾಲ್ಸ್ ಹಾಕುತ್ತಿದ್ದಳು. ಮನೆಯಲ್ಲಿ ಕಿವಿ ಕೇಳುವವಳು ನಾನೊಬ್ಬಳೇ. ಮನೆ ಓನರ್ ಬೈದರೂ, ಡಾಕ್ಟರು ಏನಾದರೂ ಹೇಳಿದರೂ, ಗಿರಾಕಿ ತಕರಾರು ತೆಗೆದರೂ ಎಲ್ಲ ನನ್ನ ಕಿವಿಗೆ ಬಿದ್ದು, ನನ್ನ ಕೈಯಿಂದ ಅವರಿಗೆ ಮುಟ್ಟಬೇಕಿತ್ತು.

ಡಿಗ್ರಿ ಮುಗಿಸಿ ನಾನು ಅದೇ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಆ ವರ್ಷ ಊರಿನಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ಅವ್ವ ಕಲಬುರಗಿಗೆ ಹೊರಟಳು. ಮದುವೆಯಾದ ಮೇಲೆ ಅಪ್ಪ ಅವ್ವ ಒಂದು ವಾರಕ್ಕಿಂತ ಹೆಚ್ಚು ಬೇರೆಯಾಗಿ ಇದ್ದದ್ದೇ ಇಲ್ಲ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ದುಃಖಕ್ಕೆ ಹಾಗೆ ನಿಂತಿದ್ದಾರೆ ಎಂದುಕೊಂಡೆ.

ಆಮೇಲೆ ಅವರಿಬ್ಬರ ಮಾತು ನಾಲ್ಕು ಕೈ ದಾಟಿ ನಡೆಯತೊಡಗಿತು. ನಾನು ಸಂಜೆ ಅಂಗಡಿಯಿಂದ ದೊಡ್ಡವ್ವನ ಮಗಳಿಗೆ ಫೋನ್ ಮಾಡುವೆ. ಅವಳು ಅವ್ವನಿಗೆ ಕೈಯಲ್ಲಿ ಹೇಳುವಳು, ಅವ್ವನ ಉತ್ತರವನ್ನು ನನಗೆ ಬಾಯಲ್ಲಿ ಹೇಳುವಳು. ನಾನು ಓಡಿಹೋಗಿ ಅಪ್ಪನಿಗೆ ಕೈಯಲ್ಲಿ ಹೇಳುವೆ. ಊಟ ಆಯಿತಾ, ಆಯಿತು. ನೋವು ಹೇಗಿದೆ, ಕಡಿಮೆಯಿದೆ. ಅಷ್ಟೇ ದಾಟುತ್ತಿತ್ತು.

ಐದನೆಯ ವಾರ ಅಪ್ಪ ಕೇಳಿದ, ಯಾವಾಗ ಬರುತ್ತಾಳಂತೆ? ಫೋನಿನಲ್ಲಿ ದೊಡ್ಡವ್ವನ ಮಗಳು ಹೇಳಿದಳು: “ಚಿಗವ್ವ ಈಗ ಬರಂಗಿಲ್ಲಂತ. ನಮ್ಮವ್ವ ಎದ್ದು ಅಡ್ಡಾಡ್ಲಿ, ಆಮ್ಯಾಲ ಬರ್ತೀನಿ ಅಂತಾಳ.” ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ನಾನು ರಸ್ತೆ ದಾಟಿ, ದೂರದಿಂದಲೇ ಅಪ್ಪನಿಗೆ ‘ಬರಲ್ಲ’ ಎಂದು ಕೈಯಾಡಿಸಿ ವಾಪಸ್ ಓಡಿದೆ. ‘ಈಗ’ ಎನ್ನುವುದನ್ನು ಹೇಳಲಿಲ್ಲ. ಆ ಒಂದು ಸನ್ನೆ ಬಿಟ್ಟಿದ್ದು ನನ್ನದೇ ತಪ್ಪು.

ಮರುದಿನ ಮಿಷನ್ನಿಗೆ ಹೊದಿಕೆ ಹಾಕಿತ್ತು. ಅಪ್ಪ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ರೂಮಿಗೆ ಬಂದ. ಶರ್ಟು ಬೆವರಿನಲ್ಲಿ ನೆಂದಿತ್ತು. ಬೆಳಗ್ಗೆಯೇ ಎದ್ದು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿದ್ದನಂತೆ. ಟಿಕೆಟ್ ಕಿಟಕಿಯಲ್ಲಿ ಕೂತವರಿಗೆ ಕಲಬುರಗಿ ಎನ್ನುವ ಇವನ ಸನ್ನೆ ಅರ್ಥವಾಗಿಲ್ಲ. ಹಿಂದೆ ಕ್ಯೂನಲ್ಲಿದ್ದವರು ದಬ್ಬಿದ್ದಾರೆ. ಗೋಡೆಗೊರಗಿ ಕೂತು ಕೇಳಿದ: ‘ಅವಳ ಕೋಪ ಇನ್ನೂ ಹೋಗಿಲ್ಲವಾ?’

ಆಗ ತಿಳಿಯಿತು, ಹೊರಡುವ ಹಿಂದಿನ ದಿನ ಇಬ್ಬರೂ ಜಗಳವಾಡಿದ್ದರು. ನಾನು ಪದೇ ಪದೇ ಹೇಳಿದೆ, ಕೋಪವಲ್ಲ, ಈಗ ಬರುವುದಿಲ್ಲ ಅಂತ ಅಷ್ಟೆ. ಅಪ್ಪ ನನ್ನ ಎರಡೂ ಕೈ ಹಿಡಿದು ನಿಲ್ಲಿಸಿದ. ‘ಇದನ್ನು ನಿನ್ನ ಕೈ ಹೇಳುತ್ತಿದೆ. ಅವಳ ಕೈ ಹೇಳುತ್ತಿಲ್ಲವಲ್ಲ,’ ಎಂದ.

ಆಗಷ್ಟೇ ನಮ್ಮ ಅಂಗಡಿಗೆ ತ್ರೀಜಿ ಸಿಮ್ಮುಗಳು ಬಂದಿದ್ದವು. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದು ಎಂದು ಬಾಗಿಲಿಗೆ ಪೋಸ್ಟರ್ ಅಂಟಿಸಿದ್ದೆವು. ಗಿರಾಕಿಗಳಿಗೆ ತೋರಿಸಲೆಂದು, ಮುಂದೆಯೂ ಕ್ಯಾಮೆರಾ ಇದ್ದ ಒಂದು ಫೋನನ್ನು ಅಂಗಡಿ ಓನರ್ ಗಾಜಿನೊಳಗೆ ಇಟ್ಟಿದ್ದರು. ಅವರು ಹಲಸೂರಿನವರು, ಮನೆಮಾತು ತಮಿಳು. ನಾನು ಅಣ್ಣ ಎನ್ನುತ್ತಿದ್ದೆ.

“ಅಣ್ಣ, ಇದ್ರಲ್ಲಿ ಮುಖ ಮಾತ್ರ ಕಾಣುತ್ತಾ, ಕೈನೂ ಕಾಣುತ್ತಾ?”

“ಯಾರ್ ಕೈ ಮಾ?”

ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವರು ಫೋನನ್ನು ಹೊರಗೆ ತೆಗೆದು ಒರೆಸಿದರು. “ಭಾನುವಾರ ನಾನೇ ತಗೊಂಡ್ ಬರ್ತೀನಿ. ಸೆಟ್ಟಿಂಗ್ ನಿಂಗೆ ಗೊತ್ತಾಗಲ್ಲ. ಆ ಕಡೆ ಫೋನ್ ಇದ್ಯಾ ಕೇಳು,” ಎಂದರು. ದೊಡ್ಡವ್ವನ ಅಳಿಯ ಅದೇ ತಿಂಗಳು ಅಂಥದ್ದೊಂದು ಫೋನ್ ಕೊಂಡಿದ್ದ. ಸಿಮ್ ಮಾತ್ರ ಬದಲಾಯಿಸಬೇಕಿತ್ತು. ಶನಿವಾರ ಬದಲಾಯಿಸಿದ.

ಭಾನುವಾರ ಬೆಳಗ್ಗೆ ಓನರ್ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದರು. ರೂಮಿನಲ್ಲಿ ಸಿಗ್ನಲ್ ಇರಲಿಲ್ಲ. ಟೆರೇಸಿಗೆ ಹೋದೆವು. ಫೋನಿನ ಮೇಲ್ತುದಿಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಬಂದರೆ ಹಳೆಯ ನೆಟ್‌ವರ್ಕ್, ‘ಎಚ್’ ಬಂದರೆ ಹೊಸದು. ಅಪ್ಪನಿಗೆ ಓದು ಬರೆಹ ಇಲ್ಲ. ‘ಎಚ್’ ಏಣಿಯ ಹಾಗೇ ಇರುತ್ತದಲ್ಲ, ಏಣಿಯ ಚಿತ್ರ ಬರುತ್ತೆ ನೋಡುತ್ತಿರು ಎಂದು ತೋರಿಸಿಕೊಟ್ಟೆ. ಫೋನನ್ನು ಎರಡು ಕೈಯಲ್ಲಿ ಹಿಡಿದು ಟೆರೇಸಿನ ಉದ್ದಗಲಕ್ಕೂ ನಡೆದ. ನೀರಿನ ಟ್ಯಾಂಕಿನ ಹತ್ತಿರ ನಿಂತು ಗಂಟಲಿನಿಂದ ಒಂದು ಕೂಗು ಹಾಕಿದ. ಏಣಿ ಸಿಕ್ಕಿತ್ತು.

ಕರೆ ಹೋಯಿತು. ಮೊದಲು ಬರೀ ಕಪ್ಪು, ಆಮೇಲೆ ಅವ್ವನ ಮುಖ. ಅಪ್ಪ ತಕ್ಷಣ ಮಾತಾಡಲು ಹೋದ. ಒಂದು ಕೈಯಲ್ಲಿ ಫೋನಿದೆ, ಇನ್ನೊಂದೇ ಕೈಯಲ್ಲಿ ಅರ್ಧರ್ಧ ಮಾತು. ಓನರ್ ಬಕೆಟ್ ಬೋರಲು ಹಾಕಿ, ಅದರ ಮೇಲೆ ಎರಡು ಇಟ್ಟಿಗೆ ಇಟ್ಟು ಫೋನನ್ನು ಒರಗಿಸಿದರು. ಅಪ್ಪ ಎದುರಿಗೆ ಮಂಡಿಯೂರಿ ಕೂತ. ಆ ಕಡೆ ಅವ್ವನ ಕೈಗಳು ಬಣ್ಣ ಕಲಸಿದಂತೆ ಕಾಣುತ್ತಿದ್ದವು; ಜೋರಾಗಿ ಆಡಿಸಿದರೆ ಚಿತ್ರ ನಿಂತೇಬಿಡುತ್ತಿತ್ತು. ನಿಧಾನ, ನಿಧಾನ ಎಂದು ನಾನು ತೋರಿಸಿದೆ. ಜೀವನದಲ್ಲಿ ನಿಧಾನವಾಗಿ ಮಾತಾಡಿ ಗೊತ್ತಿಲ್ಲದ ನಮ್ಮವ್ವ ಒಂದೊಂದೇ ಮಾತನ್ನು ಎತ್ತಿಟ್ಟಂತೆ ಹೇಳಿದಳು. ಅವಳ ಮೊದಲ ಮಾತು: ‘ಶರ್ಟಿನ ಗುಂಡಿ ಕಿತ್ತುಹೋಗಿದೆ. ದರ್ಜಿಯಂತೆ ದರ್ಜಿ!’

ಅಪ್ಪ ಎದೆ ಮುಟ್ಟಿ ನೋಡಿಕೊಂಡ. ನಗುತ್ತಲೇ ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಆ ಕಡೆ ನೋಡು ಎಂದು ಕೈ ತೋರಿಸಿದ. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಇಷ್ಟು ವರ್ಷ ಫೋನಿಗೆ ಸಂಬಂಧಪಟ್ಟ ಒಂದೇ ಒಂದು ಮಾತೂ ನಾನಿಲ್ಲದೆ ನಡೆದಿರಲಿಲ್ಲ. ಬಾಯಿಮಾತಿನವರು ಗುಟ್ಟು ಹೇಳಲು ಪಿಸುಗುಡುತ್ತಾರೆ. ನಮ್ಮ ಮನೆಯಲ್ಲಿ ಗುಟ್ಟು ಉಳಿಯಬೇಕಾದರೆ ಮೂರನೆಯವರು ಬೆನ್ನು ತಿರುಗಿಸಬೇಕು. ತಿರುಗಿಸಿದೆ.

“ನಾನೂನಾ?” ಎಂದರು ಓನರ್.

“ನಿಮ್ಗೆ ಹೇಗೂ ಅರ್ಥ ಆಗಲ್ಲ ಅಣ್ಣ.”

“ಆದ್ರೂ ಬೇಡ ಮಾ. ಗಂಡ ಹೆಂಡ್ತಿ ಮಾತು,” ಎಂದು ಅವರೂ ತಿರುಗಿ ನಿಂತರು.

ಇಬ್ಬರೂ ಪ್ಯಾರಪಿಟ್ಟಿಗೆ ಒರಗಿ ಕೆಳಗಿನ ಮಾರ್ಕೆಟ್ ರಸ್ತೆ ನೋಡುತ್ತಾ ನಿಂತೆವು. ವಿಮಾನ ಕಾರ್ಖಾನೆಯ ಕಡೆಯಿಂದ ಒಂದು ಹೆಲಿಕಾಪ್ಟರ್ ಎದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು. ಹಿಂದೆ ಅಪ್ಪನ ಅಂಗೈ ಅಂಗೈಗೆ ತಾಗುವ ಸದ್ದು, ಬಟ್ಟೆ ಸರಿಯುವ ಸದ್ದು, ಮಧ್ಯೆ ಮಧ್ಯೆ ಅವನ ಗಂಟಲಿನ ನಗು. ಸಿಮ್ಮಿನಲ್ಲಿದ್ದ ಕರೆನ್ಸಿಯೆಲ್ಲ ಮುಗಿದು ಕರೆ ಕಟ್ಟಾಗುವವರೆಗೆ ಮಾತಾಡಿದರು. ಅಪ್ಪ ಎದ್ದು ಬಂದು ಓನರ್ ಕೈಯನ್ನು ಹಣೆಗೆ ಒತ್ತಿಕೊಂಡ. ಜಗಳ ಯಾವುದಕ್ಕೆ, ಹೇಗೆ ರಾಜಿಯಾದರು ಎಂದು ನನಗೆ ಇವತ್ತಿಗೂ ಇಬ್ಬರೂ ಹೇಳಿಲ್ಲ.

ಅಲ್ಲಿಂದ ಪ್ರತಿ ಭಾನುವಾರವೂ ಆ ಫೋನು ನಮ್ಮ ಟೆರೇಸಿಗೆ ಬಂತು. ದೊಡ್ಡವ್ವ ಕೋಲು ಹಿಡಿದು ನಡೆಯುವಂತಾದ ಮೇಲೆ ಅವ್ವ ವಾಪಸ್ ಬಂದಳು. ಮುಂದೆ ಫೋನುಗಳು ಅಗ್ಗವಾದವು, ನೆಟ್‌ವರ್ಕ್ ಚುರುಕಾಯಿತು, ಇಬ್ಬರಿಗೂ ಒಂದೊಂದು ಕೊಡಿಸಿದೆ. ಈಗ ಅಪ್ಪನಿಗೆ ಊರೂರಲ್ಲಿ ಕಿವಿ ಕೇಳದ ಗೆಳೆಯರಿದ್ದಾರೆ. ಮಿಷನ್ ಮುಂದೆ ಫೋನ್ ಒರಗಿಸಿಕೊಂಡು ಹೊಲಿಯುವುದಕ್ಕಿಂತ ಹೆಚ್ಚು ಹರಟುತ್ತಾನೆ ಎಂದು ಅವ್ವನ ದೂರು. ಅವರ ಮಾತಿಗೆ ನಾನು ಬೇಡವಾದದ್ದು ಮೊದಮೊದಲು ಚುಚ್ಚಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ತಿಳಿಯಿತು, ನಾನು ಬರೀ ಮಗಳಾಗಿರಲು ಸಾಧ್ಯವಾದದ್ದು ಆವತ್ತಿನಿಂದಲೇ.

ಓನರ್ ಆ ಅಂಗಡಿ ಬಿಟ್ಟು ವರ್ಷಗಳಾಗಿವೆ. ಹೋದ ವರ್ಷ ಹಲಸೂರಿನ ಮಾರ್ಕೆಟ್ಟಿನ ಹತ್ತಿರ ಅವರನ್ನು ಹುಡುಕಿಕೊಂಡು ಹೋದೆ. ಫೋನಿಗೆ ಕವರು, ಸ್ಕ್ರೀನ್ ಗಾರ್ಡ್ ಹಾಕುವ ಪುಟ್ಟ ಅಂಗಡಿ. ಕೂದಲು ಪೂರಾ ನೆರೆತಿತ್ತು. ಎಲ್ಲವನ್ನೂ ಮೊದಲಿನಿಂದ ನೆನಪಿಸಿದೆ. ಬರುವಾಗ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಕೃತಜ್ಞತೆಯ ಮಾತನ್ನೂ ತೊದಲುತ್ತಾ ಹೇಳಿದೆ.

“ಫೋನ್ ನೆನಪಿಲ್ಲ ಮಾ. ಮೂರ್ ಫ್ಲೋರ್ ಹತ್ತಿದ್ದು ನೆನಪಿದೆ. ಮಂಡಿ ಇನ್ನೂ ನೋಯುತ್ತೆ,” ಎಂದು ನಕ್ಕು, ಕೂರಲು ಸ್ಟೂಲ್ ಎಳೆದುಕೊಟ್ಟು, ಎದುರಿನ ಅಂಗಡಿಗೆ ಎರಡು ಟೀ ಕೂಗಿ ಹೇಳಿದರು.