ಒಳಗೆ ಬಿಟ್ಟ ಒಂದಿಂಚು

ಮಾಸ್ಟ್ರ ಕೊರಳಲ್ಲಿ ನೇತಾಡುತ್ತಿದ್ದ ಟೇಪಿಗೆ ಮೊದಲ ಇಂಚೇ ಇರಲಿಲ್ಲ. ಸವೆದು ಹರಿದುಹೋಗಿತ್ತು. ಒಂದರ ಗೆರೆಯಿಂದ ಅಳತೆ ಹಿಡಿದು, ಬಂದದ್ದರಲ್ಲಿ ಒಂದು ಕಳೆದು ಬರೆದುಕೊಳ್ಳುತ್ತಿದ್ದರು. “ಹೊಸಾದು ತಗೊಳ್ರೀ ಮಾಸ್ಟ್ರೇ” ಅಂದರೆ, “ಅಭ್ಯಾಸಬಲ ಕಣಮ್ಮ. ಹೊಸದ್ರಲ್ಲೂ ಒಂದು ಕಳೆದ್ಬಿಟ್ರೆ ನೀನೇ ಬಂದು ಜಗಳ ಆಡ್ತೀಯ” ಅನ್ನುತ್ತಿದ್ದರು.

ಜರಗನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೇ ಅವರ ಲೇಡೀಸ್ ಟೈಲರ್ ಅಂಗಡಿ. ಬ್ಲೌಸ್ ಆಯ್ತಾ ಅಂತ ಯಾರು ಕೇಳಿದರೂ ಒಂದೇ ಉತ್ತರ: “ಹುಕ್ ಹಾಕೋದೊಂದು ಬಾಕಿ, ನಾಳೆ ಬನ್ನಿ.” ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ! ಆ ಸುಳ್ಳು ಗೊತ್ತಿದ್ದೂ ಹೆಂಗಸರು ಅವರಲ್ಲಿಗೇ ಬರುತ್ತಿದ್ದರು.

ನಾನು ಹುಬ್ಬಳ್ಳಿ ಕಡೆಯವಳು. ಇಲ್ಲಿಗೆ ಬಂದ ಹೊಸದರಲ್ಲಿ ಹೊಲಿಗೆ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದ್ದೆ. ಓದುವವರೇನೋ ಬಂದರು, ಆದರೆ ಕಾಸು ಬರುತ್ತಿದ್ದದ್ದು ಕಂಪನಿಯವರು ಕೊಟ್ಟು ಬರೆಸುವ ಲೇಖನಗಳಿಂದ ಮಾತ್ರ. ಒಮ್ಮೆ ಒಂದು ಕತ್ತರಿ ಕಳಿಸಿದ್ದರು. ಬೆಣ್ಣೆಯ ಹಾಗೆ ಕತ್ತರಿಸುತ್ತದೆ ಅಂತ ಬರೆದೆ. ಮಾಸ್ಟ್ರು ಅದನ್ನು ವಾಯಿಲ್ ಬಟ್ಟೆಯ ಮೇಲೆ ಒಂದು ಸಲ ಆಡಿಸಿ, “ಇದು ಕತ್ತರಿಸಲ್ಲ ಕಣಮ್ಮ, ಅಗಿಯುತ್ತೆ” ಅಂದರು. ನನ್ನ ಮುಖ ಸಣ್ಣದಾಯಿತು.

“ಅವರಿವರ ಕತ್ತರಿ ಹೊಗಳ್ಕೊಂಡು ಎಷ್ಟು ದಿನ ಇರ್ತೀಯ? ನಿಂದೇನಾದ್ರೂ ಮಾರು.”

“ನಂದೇನೈತ್ರೀ ಮಾರಾಕ?”

ಅವರು ಗೋಡೆಯ ಮೊಳೆ ತೋರಿಸಿದರು. ಮೂವತ್ತೆರಡರಿಂದ ನಲವತ್ತೆರಡರ ತನಕ ಎಲ್ಲಾ ಅಳತೆಯ ಬ್ಲೌಸಿನ ಪೇಪರ್ ಕಟಿಂಗ್‌ಗಳು, ಕಂದು ಕಾಗದದಲ್ಲಿ. “ಇದನ್ನ ನಿನ್ನ ಬ್ಲಾಗಿಗೆ ಹಾಕಕ್ಕಾಗಲ್ವಾ? ಕಾಸು ಕೊಟ್ಟೋರು ಇಳಿಸ್ಕೊಂಡು, ಪ್ರಿಂಟ್ ಹಾಕಿಸ್ಕೊಂಡು ಕತ್ತರಿಸ್ಕೊಳ್ಲಿ.” ಜೀವಮಾನದ ಕೆಲಸವನ್ನು ಕೊತ್ತಂಬರಿ ಸೊಪ್ಪು ಕೊಟ್ಟ ಹಾಗೆ ಕೊಟ್ಟುಬಿಟ್ಟರು ಮಹರಾಯರು. ಷರತ್ತು ಒಂದೇ: ಎರಡೂ ಪಕ್ಕದ ಹೊಲಿಗೆಯ ಒಳಗೆ ಒಂದೊಂದಿಂಚು ಹೆಚ್ಚಿಗೆ ಬಟ್ಟೆ ಬಿಡಬೇಕು.

ಅದೆಲ್ಲ ಹಳೇ ಕಾಲದ್ದು, ಈಗಿನವರಿಗೆ ಒಳಗೆ ದಪ್ಪ ಇದ್ದರೆ ಆಗುವುದಿಲ್ಲ ಅಂತ ವಾದಿಸಿದೆ. “ಮೈ ಅನ್ನೋದು ಹೆಚ್ಚುಕಮ್ಮಿ ಆಗುತ್ತೆ ಕಣಮ್ಮ. ಬಿಡೋಕಾಗಲ್ಲ ಅಂದ್ರೆ ನನ್ನ ಪೇಪರ್ ನನಗೆ ವಾಪಸ್ ಕೊಡು” ಅಂತ ಕೈ ಚಾಚಿದರು. ಗೊಣಗುತ್ತಲೇ ಆ ಒಂದಿಂಚು ಬಿಟ್ಟೆ.

ಬ್ಲಾಗಿಗೆ ಹಾಕಿದ ನಮೂನೆಗಳು ಚೆನ್ನಾಗೇ ಮಾರಾಟವಾದವು. ಕುಣಿದಾಡುತ್ತಿದ್ದೆ. ಹದಿನೈದು ದಿನಕ್ಕೆ ದೂರುಗಳು ಶುರುವಾದವು: ಬಿಗಿ, ಬಿಗಿ, ಉಸಿರಾಡೋಕಾಗ್ತಿಲ್ಲ. ಒಂದು ಬೆಳಿಗ್ಗೆ ಸಿದ್ದಾಪುರದಿಂದ ಒಬ್ಬರು ಆಂಟಿ ಹುಡುಕಿಕೊಂಡು ಬಂದೇ ಬಿಟ್ಟರು. “ನಾಡಿದ್ದು ನನ್ನ ಮಗಳ ನಿಶ್ಚಿತಾರ್ಥ. ಸೀರೆ ಜೊತೆ ಬಂದ ಬಟ್ಟೆ ಇದು, ಬೇರೆ ಎಲ್ಲಿಂದ ತರ್ಲಿ? ನಿಮ್ಮನ್ನ ನಂಬಿದ್ನಲ್ಲ ನಾನು!” ಅಂತ ಕಣ್ಣೀರು ಹಾಕಿದರು. ಅವರನ್ನು ಕೆಳಗೆ ಮಾಸ್ಟ್ರ ಅಂಗಡಿಗೆ ಕರೆದುಕೊಂಡು ಹೋದೆ. ಎಲ್ಲರ ದುಡ್ಡು ವಾಪಸ್ ಕೊಟ್ಟು ಬ್ಲಾಗ್ ಮುಚ್ಚಿಬಿಡುತ್ತೇನೆ ಅಂದೆ.

“ಸ್ವಲ್ಪ ಸುಮ್ನಿರು” ಅಂದ ಮಾಸ್ಟ್ರು, ಆಂಟಿ ತಂದಿದ್ದ ಪ್ರಿಂಟಿನ ಮೇಲೆ ಟೇಪ್ ಇಟ್ಟರು. ಮೂವತ್ತಾರರ ನಮೂನೆ ಮೂವತ್ತನಾಲ್ಕು ಚಿಲ್ಲರೆಗೆ ಇಳಿದಿತ್ತು. ಅಂಚು ಕತ್ತರಿಸಿಹೋಗದಿರಲಿ ಅಂತ ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದುವಂತೆ ಕುಗ್ಗಿಸಿ ಪ್ರಿಂಟ್ ಹಾಕಿದ್ದರು. ನನಗದು ಹೊಳೆದೇ ಇರಲಿಲ್ಲ.

ಮಾಸ್ಟ್ರು ಬ್ಲೌಸನ್ನು ಒಳಮಗ್ಗುಲು ತಿರುಗಿಸಿ, ಆ ಇಂಚನ್ನು ನನ್ನ ಮೂಗಿನ ಹತ್ತಿರ ಹಿಡಿದು ನಕ್ಕರು. ಪಕ್ಕದ ಹೊಲಿಗೆ ಬಿಚ್ಚಿದರು, ಕಂಕುಳು ಸಡಿಲ ಮಾಡಿದರು, ಕೆಳಗೆ ಪಟ್ಟಿ ಕೊಟ್ಟರು. ಎರಡು ಟೀ ಮುಗಿಯುವಷ್ಟರಲ್ಲಿ ಬ್ಲೌಸ್ ತಯಾರು. ಹುಕ್ಕನ್ನೂ ಆವತ್ತೇ ಹಾಕಿದ್ದು ಮಾತ್ರ ಪವಾಡ! ಆಂಟಿ ಹೋಗುವಾಗ ಮಾಸ್ಟ್ರಿಗಲ್ಲ, ನನಗೆ ಥ್ಯಾಂಕ್ಸ್ ಹೇಳಿದರು. ನಾಚಿಕೆಯಾಯಿತು.

ಬ್ಲಾಗಿನಲ್ಲಿ ನನ್ನ ತಪ್ಪನ್ನು ಬರೆದು, ಬಿಗಿಯಾದವರೆಲ್ಲ ಭಾನುವಾರ ಅಂಗಡಿಗೆ ಬನ್ನಿ ಅಂದೆ. ಪ್ರತಿ ಹಾಳೆಯ ಮೂಲೆಯಲ್ಲೂ ಒಂದಿಂಚಿನ ಚೌಕ ಹಾಕಿ, ಮೊದಲು ಇದನ್ನು ಅಳೆಯಿರಿ ಅಂತಲೂ ಸೇರಿಸಿದೆ. ಭಾನುವಾರ ಅಂಗಡಿ ಮುಂದೆ ಸಾಲು. ಬಿಚ್ಚುವುದು ಹೇಗೆ, ನಮಗೂ ಕಲಿಸಿ ಅಂದರು. ಹಾಗೆ ಶುರುವಾದದ್ದು ನಮ್ಮ ಭಾನುವಾರದ ಕ್ಲಾಸು. ಫೀಸಿನಲ್ಲಿ ಅರ್ಧ ಮಾಸ್ಟ್ರಿಗೆ ಕೊಡಲು ಹೋದಾಗ “ಬೇಡ ಅಂತೀನಿ ಅಂದ್ಕೊಂಡ್ಯಾ?” ಅಂತ ಜೇಬಿಗಿಳಿಸಿದರು. ಈಗ ಮನೆ ಬಾಡಿಗೆ ನಡೆಯುವುದು ಆ ಕ್ಲಾಸು, ಆ ನಮೂನೆಗಳಿಂದಲೇ. ಕಂಪನಿಗಳ ಕತ್ತರಿ ಹೊಗಳುವುದನ್ನು ಯಾವತ್ತೋ ಬಿಟ್ಟೆ.

ಹೋದ ವರ್ಷ ಮದುವೆ ಸೀಸನ್ ಮುಗಿಸಿ, ಆಷಾಢದಲ್ಲಿ ಮಾಸ್ಟ್ರು ತೀರಿಹೋದರು. ಹಿಂದಿನ ದಿನ ಮೆಟ್ಟಿಲಿಳಿಯುವಾಗ ನನ್ನ ಬ್ಲೌಸ್ ಕೇಳಿದ್ದೆ. “ಹುಕ್ ಹಾಕೋದೊಂದು ಬಾಕಿ ಕಣಮ್ಮ” ಅಂದಿದ್ದರು. ನಂಬದೆ ನಕ್ಕು ಹೋಗಿದ್ದೆ.

ತಿಂಗಳಾದ ಮೇಲೆ ಅವರ ಮನೆಯವರು, ನನ್ನ ಹೆಸರಿನ ಚೀಟಿ ಚುಚ್ಚಿದ್ದ ಗಂಟನ್ನು ತಂದುಕೊಟ್ಟರು. ಬಿಚ್ಚಿ ನೋಡಿದೆ. ತೋಳು, ಕೊರಳು, ಪಟ್ಟಿ ಎಲ್ಲಾ ಮುಗಿದಿತ್ತು. ಒಳಗೆ ಬಿಟ್ಟಿದ್ದದ್ದು ಒಂದಿಂಚಲ್ಲ, ಎರಡು. ಕಳ್ಳ ಮಾಸ್ಟ್ರು, ನಾನು ದಪ್ಪಗಾಗುವುದನ್ನು ಗಮನಿಸಿಯೇ ಬಿಟ್ಟಿದ್ದರು! ನಗುತ್ತಾ ನಗುತ್ತಾ ಅಳು ಬಂತು.

ನಿಜವಾಗಿಯೂ ಹುಕ್ ಒಂದೇ ಬಾಕಿಯಿತ್ತು. ನಾನೇ ಹಾಕಿಕೊಂಡೆ.